ಎಡಗಡೆ ತೆರೆಯುವ ಪೆಟ್ಟಿಗೆ: ಕ್ಯಾಂಪರ್ ವ್ಯಾನನ್ನು ದಾರಿಯ ತೊಂದರೆಗೆ ಸಜ್ಜು ಮಾಡಿದ ಕೆಲಸ

ನಮ್ಮದು ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್. ಹಿಂದೆ ಜೋಡಿ ಚಕ್ರ. ಸೀಟು ತೆಗೆಸಿ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಮನೆ ಬಳಕೆಗೆ ಬೇರೆ ಬ್ಯಾಟರಿ ಎಲ್ಲ ಕೂರಿಸಿ ಕ್ಯಾಂಪರ್ ವ್ಯಾನ್ ಮಾಡಿಸಿದ್ದೇವೆ. ಗಾಡಿಯ ರೂಪ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಹಾಗಾಗಿ ಈ ದಾರಿಗೆ ಇಳಿಯುವವರು ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಂಡು ಕೈ ಹಾಕಿ.

ಒಳಗಿನ ಕೆಲಸ ಮುಗಿದ ಮೇಲೆ ಉಳಿದದ್ದು ರಸ್ತೆ ಬದಿಯ ತಯಾರಿ. ಮಳೆಯಲ್ಲಿ, ಕತ್ತಲಲ್ಲಿ, ಚಾರ್ಮಾಡಿಯ ಒಂದು ತಿರುವಿನಲ್ಲಿ ಗಾಡಿ ನಿಂತರೆ ಏನು ಮಾಡುತ್ತೀವಿ? ಜಾಕಿ ಇದೆ, ಪಾನಾ ಇದೆ, ಹಗ್ಗ ಇದೆ. ಆದರೆ ಎಲ್ಲ ಮಂಚದ ಕೆಳಗೆ, ಹಾಸಿಗೆ ಎತ್ತಿ, ಬಟ್ಟೆ ಚೀಲ ಸರಿಸಿದ ಮೇಲೆ. ಮಾಮೂಲಿ ಕಾರಿಗೆ ಡಿಕ್ಕಿ ಇರುತ್ತದೆ. ಮಲಗುವ ಗಾಡಿಗೆ ಡಿಕ್ಕಿಯೇ ಮಂಚ. ಹಿಂದಿನ ಬಾಗಿಲು ತೆಗೆದು ಹುಡುಕೋಣ ಅಂದರೆ, ನಮ್ಮ ಬೆನ್ನು ಬರುವ ಲಾರಿಗಳ ಕಡೆ ಇರುತ್ತದೆ. ಕೆಟ್ಟು ನಿಂತ ಗಾಡಿಯ ಹಿಂದೆ ನಿಲ್ಲುವುದು ಅಪಾಯದ ಕೆಲಸ. ಆದ್ದರಿಂದ ತೀರ್ಮಾನ ಇಷ್ಟು: ತುರ್ತಿನ ಸಾಮಾನೆಲ್ಲ ಒಂದೇ ಪೆಟ್ಟಿಗೆಯಲ್ಲಿರಬೇಕು. ಅದು ಎಡಗಡೆ, ಅಂದರೆ ರಸ್ತೆಯ ಅಂಚಿನ ಕಡೆ, ಹೊರಗಿನಿಂದಲೇ ತೆರೆಯಬೇಕು.

ಮೊದಲು ತೂಕ

ಪೆಟ್ಟಿಗೆ ಮಾಡುವ ಮುಂಚೆ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದೆ. ನೀರು, ಗ್ಯಾಸು, ಬಟ್ಟೆ, ಪಾತ್ರೆ, ಡೀಸೆಲ್, ಮನೆಯವರು, ಹೀಗೆ ಪ್ರವಾಸಕ್ಕೆ ಹೊರಟಂತೆಯೇ ತುಂಬಿಕೊಂಡು ಹೋಗಬೇಕು. ಪೂರ್ತಿ ಗಾಡಿಯ ತೂಕ ಒಂದು ಸಲ. ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಇನ್ನೊಂದು ಸಲ. ಕಳೆದರೆ ಹಿಂದಿನ ಆಕ್ಸೆಲ್ ತೂಕ ಸಿಗುತ್ತದೆ. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕದ ಜೊತೆ ಹೋಲಿಸಿ ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಲೋಡ್ ನಂಬರನ್ನೂ ನೋಡಿ.

ಇದು ಯಾಕೆ ಮುಖ್ಯ ಅಂದರೆ, ಬಾಡಿಗೆ ಟ್ರಾವೆಲರ್ ಜನರನ್ನು ಇಳಿಸಿದ ಮೇಲೆ ಹಗುರಾಗುತ್ತದೆ. ಕ್ಯಾಂಪರ್ ವ್ಯಾನ್ ಯಾವತ್ತೂ ಹಗುರಾಗುವುದಿಲ್ಲ. ನಿಂತಾಗಲೂ ಟೈರು, ಸ್ಪ್ರಿಂಗು ತುಂಬು ಭಾರ ಹೊತ್ತೇ ಇರುತ್ತವೆ. 100 ಲೀಟರ್ ನೀರು ಅಂದರೆ 100 ಕೆಜಿ. ನಮ್ಮ ಗಾಡಿಯ ಹಿಂದಿನ ಆಕ್ಸೆಲ್ ಮಿತಿಯ ಹತ್ತಿರವೇ ಇತ್ತು. ಅದಕ್ಕೇ ಘಾಟಿ ಇಳಿಯುವ ದಿನ ಟ್ಯಾಂಕ್ ಅರ್ಧ ಮಾತ್ರ ತುಂಬುತ್ತೇವೆ. ಇನ್ನೊಂದು ವಿಷಯ: ಹಿಂದಿನ ಚಕ್ರಕ್ಕಿಂತ ಹಿಂದೆ ಇಟ್ಟ ತೂಕ ಆ ಆಕ್ಸೆಲ್ ಮೇಲೆ ತನ್ನ ತೂಕಕ್ಕಿಂತ ಜಾಸ್ತಿ ಕೂರುತ್ತದೆ, ಮುಂದಿನ ಚಕ್ರದ ಭಾರವನ್ನೂ ಸ್ವಲ್ಪ ಎತ್ತುತ್ತದೆ. ಹಾಗಾಗಿ ಪೆಟ್ಟಿಗೆಯನ್ನು ಹಿಂದಿನ ಚಕ್ರದ ಮುಂದೆ, ಮಂಚದ ಕಾಲ ಕಡೆ ಇಡುವುದು ಅಂತಾಯಿತು.

ಬಾಗಿಲು ಕತ್ತರಿಸಿದ್ದು

ನಮ್ಮ ಏರಿಯಾದ ವೆಲ್ಡಿಂಗ್ ಅಂಗಡಿಯವರು ಬಸ್ ಬಾಡಿ ಕೆಲಸ ಮಾಡಿ ಪಳಗಿದವರು. ಗಾಡಿಯ ಪಕ್ಕವನ್ನು ಬೆರಳಿಂದ ತಟ್ಟುತ್ತಾ ಹೋದರು. ಶಬ್ದ ಬದಲಾದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಸಾರ್, ಇವು ಕಂಬ. ಕಂಬ ಮುಟ್ಟೋದು ಬೇಡ. ಎರಡು ಕಂಬದ ಮಧ್ಯೆ ಎಷ್ಟು ಸಿಗುತ್ತೋ ಅಷ್ಟೇ ಬಾಗಿಲು" ಅಂದರು. ಸರಿಯಾದ ಮಾತು. ಬಾಡಿಯ ತಗಡನ್ನು ಕತ್ತರಿಸಬಹುದು, ಒಳಗಿನ ಕಂಬ ಮತ್ತು ಅಡ್ಡಪಟ್ಟಿಯನ್ನು ಕತ್ತರಿಸಬಾರದು. ಗಾಡಿ ಮಗುಚಿದರೆ ನಮ್ಮನ್ನು ಉಳಿಸುವುದು ಅವೇ. ಚಾಸಿಗೆ ತೂತು ಕೊರೆಯುವುದೂ ಬೇಡ, ಬೆಸುಗೆ ಹಾಕುವುದೂ ಬೇಡ.

ಗ್ರೈಂಡರ್ ಹಿಡಿಯುವ ಮುಂಚೆ ಎರಡೂ ಬ್ಯಾಟರಿಗಳ ನೆಗೆಟಿವ್ ತಂತಿ ಬಿಚ್ಚಿದೆವು. ವೆಲ್ಡಿಂಗ್ ಕರೆಂಟು ಎಂಜಿನ್ ನಿಯಂತ್ರಿಸುವ ಇಸಿಯು ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಮೂಲಕ ದಾರಿ ಹುಡುಕಿಕೊಂಡರೆ ಆ ರಿಪೇರಿಯ ಖರ್ಚು ಈ ಪೆಟ್ಟಿಗೆಯ ಎಷ್ಟೋ ಪಟ್ಟು ಆಗುತ್ತದೆ. ವೆಲ್ಡಿಂಗ್ ಅರ್ತ್ ಕ್ಲಾಂಪನ್ನು ಬೆಸುಗೆ ಹಾಕುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ಕಿಡಿ ಹಾರುವ ಕಡೆ ಒಳಗಿನ ಫೋಮ್, ವೈರಿಂಗ್ ಎಲ್ಲ ಸರಿಸಿ, ಒದ್ದೆ ಗೋಣಿಚೀಲ ಹೊದಿಸಿದೆವು. ನೀರಿನ ಬಕೆಟ್ ಕಾಲ ಹತ್ತಿರವೇ ಇತ್ತು.

ಸುಮಾರು ಮೂರಡಿ ಅಗಲ, ಒಂದೂಕಾಲು ಅಡಿ ಎತ್ತರದ ತಗಡು ಬಿಡಿಸಿಕೊಂಡು ಬಂತು. ಅದನ್ನು ಎಸೆಯಲಿಲ್ಲ, ಅದೇ ಬಾಗಿಲಾಯಿತು. ಗಾಡಿಯ ಬಣ್ಣ, ಉಬ್ಬು ತಗ್ಗು ಎಲ್ಲ ಹೊಂದುತ್ತದೆ ಅಲ್ವಾ. ಹಿಂದೆ ಒಂದಿಂಚಿನ ಚೌಕ ಪೈಪಿನ ಚೌಕಟ್ಟು. ಮೇಲ್ಗಡೆ ಉದ್ದಕ್ಕೂ ಪಿಯಾನೋ ಹಿಂಜ್. ಬಾಗಿಲು ಮೇಲಕ್ಕೆ ಎದ್ದು ನಿಲ್ಲುವಂತೆ ಕಾರಿನ ಡಿಕ್ಕಿಗೆ ಹಾಕುವ ಗ್ಯಾಸ್ ಶಾಕ್ ಎರಡು, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಿದ್ದು. ಮೇಲಕ್ಕೆ ತೆರೆಯುವುದರಿಂದ ಲಾಭ ಇದೆ. ಮಳೆ ಬರುವಾಗ ತೆರೆದ ಬಾಗಿಲೇ ಮಾಡು, ಅದರ ಕೆಳಗೆ ನಿಂತು ಸಾಮಾನು ಆರಿಸಬಹುದು.

ತುಕ್ಕಿನ ವಿಷಯದಲ್ಲಿ ಅವಸರ ಸಲ್ಲದು. ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಜಿಂಕ್ ಪ್ರೈಮರ್ ಎರಡು ಕೋಟು, ಮೇಲೆ ಬಣ್ಣ. ಆಮೇಲೆ ಸುತ್ತ ರಬ್ಬರ್ ಬೀಡಿಂಗ್, ಚೌಕಟ್ಟು ಮತ್ತು ತಗಡಿನ ಮಧ್ಯೆ ಪಿಯು (ಪಾಲಿಯುರೆಥೇನ್) ಸೀಲಂಟ್. ಸಿಲಿಕಾನ್ ಹಾಕಬೇಡಿ. ಅದರ ಮೇಲೆ ಬಣ್ಣ ಕೂರುವುದಿಲ್ಲ. ಒಳಗಿನ ಪೆಟ್ಟಿಗೆ 12 ಮಿಮೀ ಮೆರೈನ್ ಪ್ಲೈ, ಐಎಸ್ 710 ಅಚ್ಚಿರುವುದು. ತಳದ ಮೂಲೆಯಲ್ಲಿ ನೀರು ಇಳಿಯಲು ತೂತು. ಮರುದಿನ ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು, ಒಳಗೆ ನ್ಯೂಸ್‌ಪೇಪರ್ ಹಾಸಿ ನೋಡಿದೆವು. ಪೇಪರ್ ಒದ್ದೆಯಾದರೆ ಸೋರುವ ಜಾಗ ತಕ್ಷಣ ಗೊತ್ತಾಗುತ್ತದೆ.

ಯಾವುದು ಮೇಲೆ, ಯಾವುದು ಕೆಳಗೆ

ಪೆಟ್ಟಿಗೆ ಜೋಡಿಸುವುದಕ್ಕೆ ಒಂದೇ ನಿಯಮ ಇಟ್ಟುಕೊಂಡೆವು: ಯಾವುದು ಮೊದಲು ಬೇಕೋ ಅದು ಮುಂದೆ. ಗಾಡಿ ನಿಂತ ತಕ್ಷಣ ಬೇಕಾಗುವುದು ಜಾಕಿಯಲ್ಲ. ನಾವು ಕಾಣಿಸಬೇಕು. ಹಾಗಾಗಿ ಬಾಗಿಲ ಒಳಮೈಗೇ ಕೊಕ್ಕೆಯಲ್ಲಿ ಎರಡು ಮಿಂಚುವ ಜಾಕೆಟ್, ಎರಡು ತಲೆ ಟಾರ್ಚು, ಮಡಚಿದ ಎರಡು ಕೆಂಪು ತ್ರಿಕೋನ. ಅದರ ಹಿಂದೆ ಚಕ್ರಕ್ಕೆ ಕೊಡುವ ಅಡ್ಡಗಟ್ಟೆ. ಆಮೇಲೆ ಜಾಕಿ, ಹಲಗೆ, ಪಾನಾ, ಉದ್ದ ಪೈಪು. ತಳದಲ್ಲಿ ಹಗ್ಗ, ಕೇಬಲ್ಲು. ಎಲ್ಲವನ್ನೂ ಬೆಲ್ಟಿನಿಂದ ಬಿಗಿದಿದ್ದೇವೆ. ಜೋರಾಗಿ ಬ್ರೇಕ್ ಹಾಕಿದಾಗ ಸಡಿಲ ಜಾಕಿ ಪ್ಲೈ ಒಡೆದು ಮಂಚದ ಕಡೆ ಬರಬಾರದು.

ನಮ್ಮ ಕಡೆ ಲಾರಿ ಕೆಟ್ಟರೆ ಹಿಂದೆ ಸೊಪ್ಪು ಮುರಿದು ಹಾಕುತ್ತಾರೆ, ಕಲ್ಲು ಸಾಲಾಗಿ ಇಡುತ್ತಾರೆ. ಸೊಪ್ಪು ಹಗಲಲ್ಲಿ ಒಳ್ಳೆಯ ಗುರುತು, ಎಲ್ಲ ಡ್ರೈವರ್‌ಗಳಿಗೂ ಅರ್ಥ ಆಗುತ್ತದೆ. ರಾತ್ರಿ ಮಾತ್ರ ಅದು ಕಾಣುವುದಿಲ್ಲ. ಕಲ್ಲುಗಳದ್ದು ಇನ್ನೂ ಕಷ್ಟ. ಲಾರಿ ಹೊರಟ ಮೇಲೆ ಅಲ್ಲೇ ಉಳಿದ ಕಲ್ಲಿಗೆ ರಾತ್ರಿ ಬೈಕಿನವರು ಬಂದು ಬೀಳುತ್ತಾರೆ. ದಯವಿಟ್ಟು ಕಲ್ಲು ಇಟ್ಟರೆ ಹೊರಡುವಾಗ ಎತ್ತಿ ಬದಿಗೆ ಹಾಕಿ. ಇದರ ಬಗ್ಗೆ ನನಗೆ ನಿಜವಾಗಿ ಸಂಕಟ ಇದೆ.

ತ್ರಿಕೋನ ಎಷ್ಟು ದೂರ? ನೇರ ರಸ್ತೆಯಲ್ಲಿ ಕಡಿಮೆ ಅಂದರೂ 50 ಮೀಟರ್. ದೊಡ್ಡ ಹೆಜ್ಜೆಯಲ್ಲಿ 70 ಹೆಜ್ಜೆ ಹಿಡಿದುಕೊಳ್ಳಿ. ಹೈವೇನಲ್ಲಿ ಇನ್ನೂ ಜಾಸ್ತಿ. ಘಾಟಿಯಲ್ಲಿ ಮೀಟರ್ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ತಿರುವು ದಾಟಿ, ಬರುವವರಿಗೆ ತಿರುಗುವ ಮುಂಚೆಯೇ ಕಾಣುವ ಕಡೆ ಇಡಬೇಕು. ಇಡಲು ಹೋಗುವಾಗ ಮಡಚಿದ ತ್ರಿಕೋನವನ್ನು ಬಿಡಿಸಿ, ಎದುರಿನವರಿಗೆ ಕಾಣುವಂತೆ ಎದೆಯ ಮುಂದೆ ಹಿಡಿದು, ಟಾರಿನ ಹೊರಗೆ ಮಣ್ಣಿನಲ್ಲೇ ನಡೆಯಿರಿ. ಉಳಿದವರೆಲ್ಲ ಎಡ ಬಾಗಿಲಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಬೇಕು. ಮಳೆ ಅಂತ ಒಳಗೆ ಕೂರಬಾರದು. ಗಾಡಿಯ ಸುತ್ತ ಮಿಂಚುವ ಟೇಪ್ ಕೂಡ ಹೊಸದಾಗಿ ಅಂಟಿಸಿದೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು.

ಜಾಕಿ: ಮನೆ ಮುಂದೆ ಒಂದು ಸಲ ಪೂರ್ತಿ

ಜೆ.ಸಿ. ರಸ್ತೆಯಿಂದ 5 ಟನ್ನಿನ ಬಾಟಲ್ ಜಾಕಿ ತಂದೆ. ಟನ್ ಲೆಕ್ಕಕ್ಕಿಂತ ಎತ್ತರದ ಲೆಕ್ಕ ಮುಖ್ಯ. ಟೈರಿನ ಗಾಳಿ ಹೋದಾಗ ಆಕ್ಸೆಲ್ ಕೆಳಗಿಳಿಯುತ್ತದೆ. ಆಗಲೂ ಜಾಕಿ ಅದರಡಿ ನುಗ್ಗಬೇಕು. ಗಾಳಿ ತುಂಬಿದ ಹೊಸ ಚಕ್ರ ಕೂರುವಷ್ಟು ಮೇಲಕ್ಕೂ ಎತ್ತಬೇಕು. ಇದನ್ನು ಅಂಗಡಿಯಲ್ಲಿ ನಿಂತು ಊಹಿಸಲಾಗುವುದಿಲ್ಲ. ಮನೆ ಮುಂದೆ ಸಮ ಜಾಗದಲ್ಲಿ ಟೈರಿನ ಗಾಳಿ ಪೂರ್ತಿ ಬಿಟ್ಟು, ಆಕ್ಸೆಲ್‌ನಿಂದ ನೆಲಕ್ಕೆ ಟೇಪ್ ಹಿಡಿದು ಅಳೆದುಕೊಂಡು ಹೋಗಿದ್ದೆ. ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ಬೇರೆ ಬೇರೆ ಅಳತೆ ಬಂತು. ಜಾಕಿ ಹಾಕುವ ಜಾಗಕ್ಕೆ ಹಳದಿ ಬಣ್ಣ ಬಳಿದೆ. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ತಕ್ಷಣ ಕಾಣುತ್ತದೆ.

ಕರಾವಳಿ, ಮಲೆನಾಡಿನ ಮಳೆಗಾಲದ ಮಣ್ಣು ಜಾಕಿಯನ್ನು ನುಂಗುತ್ತದೆ. ಅದಕ್ಕೆ ಒಂದಡಿ ಉದ್ದ, ಒಂದಡಿ ಅಗಲ, ಎರಡಿಂಚು ದಪ್ಪದ ಗಟ್ಟಿ ಮರದ ಹಲಗೆ ಎರಡು. ಸಾ ಮಿಲ್ಲಿನ ತುಂಡು ಸಾಕು. ಮೇಲ್ಗಡೆ ಜಾರದಂತೆ ಜಾಕಿಯ ತಳದ ಅಳತೆಗೆ ನಾಲ್ಕು ರೀಪು ಹೊಡೆದಿದ್ದೇನೆ.

ಆಮೇಲೆ ನಾನೂ ನನ್ನ ಹೆಂಡತಿಯೂ ಚಕ್ರ ಬಿಚ್ಚಿ ಹಾಕಿದೆವು, ಪಂಕ್ಚರ್ ಆದಂತೆಯೇ. ಕ್ರಮ ಹೀಗಿತ್ತು: ಹ್ಯಾಂಡ್ ಬ್ರೇಕ್, ಗೇರ್, ಬಿಚ್ಚುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಅಡ್ಡಗಟ್ಟೆ. ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲ. ನಟ್ ಬರದಿದ್ದರೆ ಪಾನಾಕ್ಕೆ ಮೂರಡಿ ಜಿಐ ಪೈಪ್ ತೊಡಿಸಿ ಒತ್ತಬೇಕು. ಪಾನಾ ಮೇಲೆ ಹತ್ತಿ ಕುಣಿಯಬಾರದು. ಕೆಲವು ಹಳೇ ಗಾಡಿಗಳಲ್ಲಿ ಎಡಗಡೆ ಚಕ್ರದ ನಟ್ ಉಲ್ಟಾ ತಿರುಗುತ್ತದೆ. ಸ್ಟಡ್ ತುದಿಯಲ್ಲಿ ಎಲ್ ಅಂತ ಅಚ್ಚಿದೆಯಾ ನೋಡಿಕೊಳ್ಳಿ. ಗಾಡಿ ಎತ್ತಿದ ಮೇಲೆ ಕೆಳಗೆ ತಲೆ ಹಾಕುವುದು ಯಾವ ಕಾರಣಕ್ಕೂ ಇಲ್ಲ. ಬಿಚ್ಚಿದ ಚಕ್ರವನ್ನು ಆಕ್ಸೆಲ್ ಪಕ್ಕ ಗಾಡಿಯಡಿ ಮಲಗಿಸಿದರೆ ಜಾಕಿ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ. ಹೊಸ ಚಕ್ರ ಹಾಕಿ 50 ಕಿಲೋಮೀಟರ್ ಓಡಿದ ಮೇಲೆ ನಟ್ ಮತ್ತೆ ಬಿಗಿಯಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಜೋಡಿ ಚಕ್ರದಲ್ಲಿ ಹೊರಗಿನದು ಪಂಕ್ಚರ್ ಆದರೆ ಒಂದು ಸುಲಭ ಉಪಾಯ ಇದೆ. ಒಳಗಿನ ಚಕ್ರವನ್ನು ಹಲಗೆಗಳ ಮೇಲೆ ಹತ್ತಿಸಿದರೆ ಹೊರಗಿನದು ನೆಲ ಬಿಡುತ್ತದೆ. ಒಳಗಿನದು ಹೋದರೆ ಎರಡೂ ಬಿಚ್ಚಲೇಬೇಕು. ಕಷ್ಟ ಏನೆಂದರೆ ಒಳಗಿನ ಟೈರಿನ ಗಾಳಿ ಹೋದದ್ದು ಓಡಿಸುವವರಿಗೆ ತಿಳಿಯುವುದೇ ಇಲ್ಲ. ಹೊರಗಿನದು ಎರಡರ ಭಾರ ಹೊತ್ತು ಕಾಯುತ್ತದೆ, ಕೊನೆಗೆ ಸಿಡಿಯುತ್ತದೆ. ಚಹಾಕ್ಕೆ ನಿಂತಾಗ ಲಾರಿ ಕ್ಲೀನರ್‌ಗಳು ಕಬ್ಬಿಣದ ರಾಡಿನಿಂದ ಒಂದೊಂದೇ ಟೈರು ತಟ್ಟುತ್ತಾ ಬರುವುದು ಇದಕ್ಕೇ. ಗಾಳಿ ಇದ್ದ ಟೈರು ರಾಡನ್ನು ವಾಪಸ್ ಒದೆಯುತ್ತದೆ, ಇಲ್ಲದ್ದು ಸುಮ್ನೆ ಇರುತ್ತದೆ. ನಾವೂ ಆ ಅಭ್ಯಾಸ ಹಿಡಿದಿದ್ದೇವೆ. ಜೊತೆಗೆ ಒಳಗಿನ ಚಕ್ರಕ್ಕೆ ವಾಲ್ವ್ ಎಕ್ಸ್‌ಟೆನ್ಷನ್ ಹಾಕಿಸಿ ಗೇಜಿನಲ್ಲೂ ನೋಡುತ್ತೇವೆ. ಟೈರಿನ ವಯಸ್ಸನ್ನೂ ಓದಿ: ಕೊನೆಯ ನಾಲ್ಕು ಅಂಕಿ 3221 ಅಂತ ಇದ್ದರೆ 2021ರ 32ನೇ ವಾರದ್ದು. ಸ್ಟೆಪ್ನಿ ಯಾವಾಗಲೂ ಹೊಸದರಂತೆ ಕಾಣುತ್ತದೆ. ಅಂಕಿ ಓದಿದರೆ ನಿಜ ತಿಳಿಯುತ್ತದೆ. ಗಾಡಿಯಡಿ ನೇತಾಡುವ ಸ್ಟೆಪ್ನಿಯ ಸರಪಳಿ ಕೆಸರು ತಿಂದು ತುಕ್ಕು ಹಿಡಿಯುತ್ತದೆ. ಮಳೆಗಾಲದ ಮುಂಚೆ ಒಮ್ಮೆ ಇಳಿಸಿ ಗ್ರೀಸ್ ಹಚ್ಚಬೇಕು.

ಗಾಡಿ ಸ್ಟಾರ್ಟ್ ಆಗದಿದ್ದರೆ

ಮನೆ ಬ್ಯಾಟರಿ ಇರುವಾಗ ಅದರಿಂದಲೇ ಕರೆಂಟು ಎಳೆದು ಗಾಡಿಗೆ ಜಂಪ್ ಕೊಡಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ನಮ್ಮದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಒಳಗೆ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಸರ್ಕ್ಯೂಟು 100 ಆಂಪ್‌ನದು. ಡೀಸೆಲ್ ಎಂಜಿನ್ನಿನ ಸೆಲ್ಫ್ ಮೋಟಾರು ತಿರುಗುವಾಗ ಇನ್ನೂರು ಮುನ್ನೂರು ಆಂಪ್ ಎಳೆಯುತ್ತದೆ. ಬಿಎಂಎಸ್ ಕಟ್ ಆಗುತ್ತದೆ, ಅಷ್ಟೇ.

ಆದ್ದರಿಂದ ಬೇರೆ ದಾರಿ ಹಿಡಿದೆ. ಮನೆ ಬ್ಯಾಟರಿಯಿಂದ ಗಾಡಿ ಬ್ಯಾಟರಿಗೆ 10 ಆಂಪ್‌ನ ಒಂದು ಸಣ್ಣ ಡಿಸಿ ಚಾರ್ಜರ್, ಮಧ್ಯೆ ಒಂದು ಸ್ವಿಚ್ಚು, ಎರಡೂ ತುದಿಗೆ 15 ಆಂಪ್ ಫ್ಯೂಸು. ಲೆಕ್ಕ ನೋಡಿ. 250 ಆಂಪ್‌ನಲ್ಲಿ 4 ಸೆಕೆಂಡ್ ಸೆಲ್ಫ್ ಹೊಡೆದರೆ ಖರ್ಚಾಗುವುದು 0.3 ಆಂಪ್-ಅವರ್‌ಗಿಂತ ಕಡಿಮೆ. ಅರ್ಧ ಗಂಟೆ 10 ಆಂಪ್ ಕೊಟ್ಟರೆ 5 ಆಂಪ್-ಅವರ್ ಒಳಗೆ ಹೋಗಿರುತ್ತದೆ. ರಾತ್ರಿ ಲೈಟ್ ಆರಿಸದೆ ಮಲಗಿ ಬ್ಯಾಟರಿ ಇಳಿದಿದ್ದರೆ ಇಷ್ಟು ಸಾಕು. ಸೆಲ್ ಸತ್ತುಹೋದ ಬ್ಯಾಟರಿಗೆ ಇದು ಮದ್ದಲ್ಲ. ಅದಕ್ಕೆ ಇನ್ನೊಂದು ಗಾಡಿ ಬೇಕು, ಜಂಪ್ ಕೇಬಲ್ ಬೇಕು.

ಜಂಪ್ ಕೇಬಲ್ ನಾನೇ ಮಾಡಿಕೊಂಡೆ. ಸಿಗ್ನಲ್ಲಿನಲ್ಲಿ, ಅಂಗಡಿಯಲ್ಲಿ ಸಿಗುವ ದಪ್ಪ ಕೇಬಲ್ಲಿನಲ್ಲಿ ಬಹಳ ಸಲ ರಬ್ಬರೇ ಜಾಸ್ತಿ, ತಾಮ್ರ ಕಡಿಮೆ. 6 ಚದರ ಮಿಮೀ ತಾಮ್ರದ ಮೂರು ಮೀಟರಿನ ಜೋಡಿಯಲ್ಲಿ 250 ಆಂಪ್ ಹರಿದರೆ ದಾರಿಯಲ್ಲೇ 4 ವೋಲ್ಟ್‌ಗಿಂತ ಜಾಸ್ತಿ ಕಳೆದುಹೋಗುತ್ತದೆ. 12ರಲ್ಲಿ 4 ಹೋದರೆ ಸೆಲ್ಫ್ ಏನು ತಿರುಗೀತು? 35 ಚದರ ಮಿಮೀ ವೆಲ್ಡಿಂಗ್ ಕೇಬಲ್ ಆದರೆ ಮುಕ್ಕಾಲು ವೋಲ್ಟ್ ಅಷ್ಟೇ. ವೆಲ್ಡಿಂಗ್ ಕೇಬಲ್ ಮೆತ್ತಗೆ ಬಾಗುತ್ತದೆ ಕೂಡ. ಹಿತ್ತಾಳೆ ಕ್ಲಾಂಪ್ ಒತ್ತಿಸಿ, ಕೆಂಪು ಕಪ್ಪು ತೋಳು ಹಾಕಿದೆ. ಜೋಡಿಸುವ ಕ್ರಮವನ್ನು ಕೇಬಲ್ಲಿನ ಚೀಲಕ್ಕೇ ಬರೆದು ಹೊಲಿದಿದ್ದೇವೆ: ಕೆಂಪು ಸತ್ತ ಬ್ಯಾಟರಿಗೆ, ಕೆಂಪು ಒಳ್ಳೆಯದಕ್ಕೆ, ಕಪ್ಪು ಒಳ್ಳೆಯದಕ್ಕೆ, ಕೊನೆಯ ಕಪ್ಪು ಸತ್ತ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ. ಬ್ಯಾಟರಿ ಹತ್ತಿರ ಕಿಡಿ ಬೇಡ, ಅಲ್ಲಿ ಹೈಡ್ರೋಜನ್ ಇರಬಹುದು.

ಬೆಂಕಿ, ಗ್ಯಾಸು

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಕೂರುತ್ತದೆ. ನಮ್ಮ 5 ಕೆಜಿ ಸಿಲಿಂಡರ್ ಇರುವ ಗೂಡಿಗೆ ತಳದಲ್ಲೇ ಹೊರಕ್ಕೆ ತೂತು ಇದೆ. ಸೋರಿಕೆ ತಿಳಿಸುವ ಅಲಾರಂ ನೆಲದಿಂದ ಒಂದಡಿಯೊಳಗೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆ, ಅದು ಮಲಗಿದಾಗ ತಲೆ ಇರುವ ಎತ್ತರಕ್ಕೆ. ಗ್ಯಾಸಿನ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರ್ ಕತ್ತಿನ ಪಟ್ಟಿಯಲ್ಲಿ ಬಿ 27 ಅಂತ ಇದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ಪರೀಕ್ಷೆ ಆಗಬೇಕು ಅಂತ ಅರ್ಥ. ಗಾಡಿ ಓಡುವಾಗ ರೆಗ್ಯುಲೇಟರ್ ಬಂದ್. ಸೋರಿಕೆಗೆ ಸಹಾಯವಾಣಿ 1906.

ಬೆಂಕಿ ಆರಿಸುವ ಎಬಿಸಿ ಪೌಡರ್ ಸಿಲಿಂಡರ್ ಎರಡು. ಒಂದು ಡ್ರೈವರ್ ಸೀಟಿನ ಪಕ್ಕ, ಇನ್ನೊಂದು ಎಡಗಡೆ ಹೊರಗಿನ ಪೆಟ್ಟಿಗೆಯಲ್ಲಿ. ಒಲೆಯ ಪಕ್ಕ ಇಟ್ಟರೆ ಒಲೆಗೇ ಬೆಂಕಿ ಬಿದ್ದಾಗ ಕೈ ಹಾಕಲಾಗುವುದಿಲ್ಲ.

ಘಾಟಿಯಲ್ಲಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಭಾರದ ಗಾಡಿಯ ಬ್ರೇಕು ಕಾಯುತ್ತದೆ. ಹತ್ತುವಾಗ ಯಾವ ಗೇರ್ ಬೇಕೋ ಅದೇ ಗೇರ್‌ನಲ್ಲಿ ಇಳಿಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಕಾದಾಗ ಒಳಗೇ ಕುದಿದು ಪೆಡಲ್ ಟೊಳ್ಳಾಗುತ್ತದೆ. ಹೊರಡುವ ಮುಂಚೆ ಇಡೀ ಆಯಿಲ್ ಬದಲಿಸಿ, ಗಾಳಿ ತೆಗೆಸಿದೆವು. ಲೈನರ್ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಬೇಕು. ಕಾದ ಡ್ರಮ್ಮಿಗೆ ನೀರು ಸುರಿಯಬಾರದು, ಬಿರುಕು ಬಿಡುತ್ತದೆ. ಹ್ಯಾಂಡ್ ಬ್ರೇಕ್ ನಂಬದೆ ಅಡ್ಡಗಟ್ಟೆ ಕೊಟ್ಟು ಆರಲು ಬಿಡಬೇಕು.

ಎಲ್ಲಿ ನಿಲ್ಲುತ್ತೀವಿ ಅನ್ನುವುದೂ ತಯಾರಿಯೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆ ಬದಿಯ ಹೋಟೆಲಿನಲ್ಲಿದ್ದವರು, ನಿಲ್ಲಿಸಿದ ಗಾಡಿಗಳಲ್ಲಿದ್ದವರು ಪ್ರಾಣ ಕಳೆದುಕೊಂಡರು. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ನಾವು ಊಟಕ್ಕೂ ನಿಲ್ಲುವುದಿಲ್ಲ, ನಿದ್ದೆಗಂತೂ ಇಲ್ಲವೇ ಇಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಅಲ್ಲಿ ಹಗಲಲ್ಲೇ ಗಾಡಿ ಕೆಟ್ಟರೂ ಮೇಲೆ ಹೇಳಿದ ತಡೆಗೋಡೆಯ ನಿಯಮ ಉಲ್ಟಾ ಆಗುತ್ತದೆ. ಕಾಡಿನೊಳಗೆ ಇಳಿದು ನಿಲ್ಲಬಾರದು. ಹಜಾರ್ಡ್ ಲೈಟ್ ಹಾಕಿ ಒಳಗೇ ಕೂತು, ಹೋಗುವ ಗಾಡಿಯವರ ಹತ್ತಿರ ಚೆಕ್‌ಪೋಸ್ಟ್‌ಗೆ ಹೇಳಿ ಕಳಿಸಬೇಕು.

ಕಾರ್ಡು ಮತ್ತು ಟೋಚನ್

ಡ್ರೈವರ್ ಸೀಟಿನ ಮೇಲಿನ ಸನ್ ವೈಸರ್ ಹಿಂದೆ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡ್ ಇದೆ. ಪೊಲೀಸ್, ಬೆಂಕಿ, ಎಲ್ಲದಕ್ಕೂ 112. ಆಂಬುಲೆನ್ಸ್ 108. ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಕರೆ ಮಾಡಿದಾಗ ಅವರು ಕೇಳುವ ಮೊದಲ ಪ್ರಶ್ನೆ ಎಲ್ಲಿದ್ದೀರಿ ಅಂತ. ಹಾಗಾಗಿ ಓಡಿಸದವರು ದಾರಿಯ ಕಿಲೋಮೀಟರ್ ಕಲ್ಲುಗಳನ್ನು ಓದುತ್ತಾ ಬರುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ, ಬೈಕಿನವರ ಕೈಗೆ ಕಿಲೋಮೀಟರ್ ನಂಬರ್ ಬರೆದ ಚೀಟಿ ಕೊಟ್ಟರೆ ಸಾಕು.

ಕಾರ್ಡಿನ ಹಿಂಬದಿಯಲ್ಲಿ ಗಾಡಿಯ ಉದ್ದ, ಎತ್ತರ, ವೇಬ್ರಿಡ್ಜ್ ತೂಕ, ಹಿಂದೆ ಜೋಡಿ ಚಕ್ರ ಅಂತ ಬರೆದಿದೆ. ಕಾರು ಎತ್ತುವ ಸಣ್ಣ ಗಾಡಿ ಬಂದರೆ ನಮ್ಮದನ್ನು ಹೊರಲು ಆಗುವುದಿಲ್ಲ. ಫೋನಿನಲ್ಲೇ ಇದನ್ನೆಲ್ಲ ಹೇಳಬೇಕು. ಇನ್ಶೂರೆನ್ಸ್ ಜೊತೆ ಬರುವ ರೋಡ್‌ಸೈಡ್ ಸಹಾಯ ಎಷ್ಟು ತೂಕದ ಗಾಡಿಗೆ ಅನ್ನುವುದನ್ನೂ ಪಾಲಿಸಿಯಲ್ಲಿ ಓದಿಟ್ಟುಕೊಳ್ಳಿ.

ಹಗ್ಗ ಕಟ್ಟಿ ಟೋಚನ್ ಮಾಡುವುದು ಸಮ ರಸ್ತೆಯಲ್ಲಿ, ಸ್ವಲ್ಪ ದೂರಕ್ಕೆ ಮಾತ್ರ. ಎಂಜಿನ್ ಆಫ್ ಆದರೆ ಬ್ರೇಕಿನ ವ್ಯಾಕ್ಯೂಮ್ ಬಲ ಇರುವುದಿಲ್ಲ, ಪವರ್ ಸ್ಟೀರಿಂಗೂ ಇರುವುದಿಲ್ಲ. ಇಳಿಜಾರಿನಲ್ಲಿ ಹಗ್ಗ ಸಡಿಲಾಗಿ ಹಿಂದಿನ ಗಾಡಿ ಮುಂದಿನದಕ್ಕೆ ಹೋಗಿ ಗುದ್ದುತ್ತದೆ. ಘಾಟಿಯಲ್ಲಿ ಕ್ರೇನು ಬರುವವರೆಗೆ ಕಾಯುವುದೇ ಸರಿ. ಮುಂದಿನ ಎಳೆಯುವ ಕೊಕ್ಕೆಯ ಬೋಲ್ಟು ಬಿಚ್ಚಿ, ಥ್ರೆಡ್ ಸ್ವಚ್ಛ ಮಾಡಿ, ಗ್ರೀಸ್ ಹಚ್ಚಿ ಕೂರಿಸಿದ್ದಾಯಿತು. ಹಿಂದಿನ ಕೊಕ್ಕೆಯದು ತುಕ್ಕು ಹಿಡಿದು ಅಲುಗುತ್ತಿಲ್ಲ. ಡೀಸೆಲ್ ಹಾಕಿ ನೆನೆಯಲು ಬಿಟ್ಟಿದ್ದೇನೆ. ವೆಲ್ಡಿಂಗ್ ಅಂಗಡಿಯವರು ಭಾನುವಾರ ಬಂದು ಗ್ಯಾಸಿನಲ್ಲಿ ಕಾಯಿಸಿ ಬಿಚ್ಚುತ್ತೇನೆ ಅಂದಿದ್ದಾರೆ. ಹೊಸ ಬೋಲ್ಟು ತಂದಿಟ್ಟಿದ್ದೇನೆ.